ಮರದ ಆಯುಷ್ಯ ಮತ್ತು ಉದ್ಯೋಗೀ ಹಿಂಸೆಯ ನೆಪ

ಗೃಹಸ್ಥನಾದ ಶ್ರಾವಕನಿಗೆ ಯಾವ ವ್ಯಾಪಾರ ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಜಿಜ್ಞಾಸೆ ಎದ್ದಾಗಲೆಲ್ಲ ಜೈನ ಸಮಾಜದಲ್ಲಿ ಒಂದು ಸಿದ್ಧ ಉತ್ತರ ಕೇಳಿಬರುತ್ತದೆ. ಹಿಂಸೆಯು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆ. ಗೃಹಸ್ಥನು ಸರ್ವಥಾ ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆಯನ್ನು ಮಾತ್ರ. ಜೀವನೋಪಾಯಕ್ಕಾಗಿ ನಡೆಯುವ ಉದ್ಯೋಗೀ ಹಿಂಸೆ ಅವನಿಗೆ ಅನಿವಾರ್ಯ. ಇಷ್ಟು ಹೇಳಿದರೆ ಪ್ರಶ್ನೆ ಮುಗಿಯಿತು, ಅಂಗಡಿಯ ಬಾಗಿಲು ತೆರೆಯಿತು. ಆಚಾರ್ಯರು ಅಳತೆಗೋಲಾಗಿ ಕೊಟ್ಟುದನ್ನು ಶ್ರಾವಕನು ಗುರಾಣಿಯಾಗಿ ಹಿಡಿದಿದ್ದಾನೆ.

ಪೀಠೋಪಕರಣಗಳ ವ್ಯಾಪಾರದಲ್ಲಿ ಈ ಗುರಾಣಿಯ ಬಳಕೆ ಅತ್ಯಂತ ಸುಲಭ. ಅಲ್ಲಿ ರಕ್ತ ಕಾಣುವುದಿಲ್ಲ, ಕೂಗು ಕೇಳಿಸುವುದಿಲ್ಲ. ಅಜ್ಜ ನಾಟಾ ಡಿಪೊ ಇಟ್ಟಿದ್ದರು. ತಂದೆ ಮಂಚ-ಕಪಾಟುಗಳ ಅಂಗಡಿ ತೆರೆದರು. ಮೊಮ್ಮಗನೋ ಮೊಮ್ಮಗಳೋ ಒಳಾಂಗಣ ವಿನ್ಯಾಸದ ಪದವಿ ಪಡೆದು ಬಂದು ಇಡೀ ಮನೆಯನ್ನೇ ಒಳಗಿನಿಂದ ಸಜ್ಜುಗೊಳಿಸುವ ಗುತ್ತಿಗೆ ಹಿಡಿಯುತ್ತಾರೆ. ಮೂರು ತಲೆಮಾರುಗಳ ಈ ಏಳಿಗೆ ಮೆಚ್ಚತಕ್ಕದ್ದೇ. ಆದರೆ ಅಜ್ಜನು ಮಾರಿದ ಮಂಚದ ಮೇಲೆ ಕೊಂಡವರ ಮೊಮ್ಮಕ್ಕಳು ಮಲಗಿದರು. ಮೊಮ್ಮಗನು ವಿನ್ಯಾಸ ಮಾಡಿದ ಮಂಚ ಹತ್ತು ವರ್ಷ ಆ ಮನೆಯಲ್ಲಿ ಉಳಿದರೆ ಹೆಚ್ಚು. ಗೋಡೆಯ ಬಣ್ಣ ಬದಲಾದರೆ ಕಪಾಟು ಬದಲಾಗಬೇಕು, ಕಪಾಟು ಬದಲಾದರೆ ಮೇಜು ಹೊಂದುವುದಿಲ್ಲ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವುದೇ ಈಗ ವ್ಯಾಪಾರದ ಜೀವಾಳವಾಗಿದೆ. ಹೊಸದು ಬೇಗ ಹಳತಾಗಬೇಕೆಂಬುದು ಆ ಲೆಕ್ಕದಲ್ಲಿ ಅಡಗಿಯೇ ಇದೆ.

ಇದಕ್ಕೆ ಕೊಡುವ ಸಮಾಧಾನವೂ ಶಾಸ್ತ್ರದ ಭಾಷೆಯಲ್ಲೇ ಇರುತ್ತದೆ. “ಕೊಳ್ಳುವುದು ಒಣಗಿದ ನಾಟಾ, ಅದು ಅಚಿತ್ತ, ಅದರಲ್ಲಿದ್ದ ವನಸ್ಪತಿಕಾಯದ ಜೀವ ಎಂದೋ ಹೊರಟುಹೋಗಿದೆ, ಕೊಡಲಿ ಹಿಡಿದವನು ಬೇರೆ.” ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರೇ ಈ ಮಾತನ್ನು ಆಡುತ್ತಾರೆಂಬುದು ಸೋಜಿಗ. ತಿಂಗಳಿಗೆ ಇಷ್ಟು ಘನ ಅಡಿ ಬೇಕೆಂದು ಮುಂಗಡ ಕೊಟ್ಟವನು ಕೊಡಲಿಯನ್ನು ಮುಟ್ಟಿಲ್ಲ, ನಿಜ. ಮಾಂಸ ಕೊಂಡವನೂ ಕತ್ತಿಯನ್ನು ಮುಟ್ಟಿರುವುದಿಲ್ಲ.

ಶ್ರಾವಕಾಚಾರ ಗ್ರಂಥಗಳು ಈ ವಿಷಯದಲ್ಲಿ ಮೌನವಾಗಿಲ್ಲ. ಶ್ವೇತಾಂಬರ ಪರಂಪರೆಯ ಉಪಾಸಕದಶಾಂಗದಲ್ಲೂ 12ನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲೂ ಹದಿನೈದು ನಿಷಿದ್ಧ ವೃತ್ತಿಗಳ ಪಟ್ಟಿಯಿದೆ. ಆ ಪಟ್ಟಿಯನ್ನು ಹಿಡಿದು ಇಂದಿನ ಪೀಠೋಪಕರಣ ಮಳಿಗೆಯೊಂದನ್ನು ಸುತ್ತಿಬಂದರೆ ಸಾಕು. ಮರ ಕಡಿದು ಮಾರುವುದು ವನಕರ್ಮ. ಅರಗಿನ ವ್ಯಾಪಾರ ಲಾಕ್ಷಾವಾಣಿಜ್ಯ. ಕುರ್ಚಿಗೆ ಹೊಳಪು ಕೊಡುವ ಫ್ರೆಂಚ್ ಪಾಲಿಶ್ ಎಂಬುದು ಕೀಟದ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ್ದೇ ಆಗಿದೆ. ದಂತವಾಣಿಜ್ಯವೆಂದರೆ ಆನೆಯ ದಂತವಷ್ಟೇ ಎಂದು ತಿಳಿದವರುಂಟು. ಹೇಮಚಂದ್ರರು ಅದರೊಳಗೆ ಕೂದಲು, ಉಗುರು, ಎಲುಬು, ತೊಗಲುಗಳನ್ನೂ ಸೇರಿಸಿದ್ದಾರೆ. ಮನೆಯಲ್ಲಿ ತೊಗಲಿನ ಪಟ್ಟಿಯನ್ನೂ ಕಟ್ಟದ ಗೃಹಸ್ಥರು ಮಳಿಗೆಯ ಮುಂಭಾಗದಲ್ಲೇ ತೊಗಲಿನ ಸೋಫಾ ಇಟ್ಟು, ಅದು ಗಿರಾಕಿಯ ಅಪೇಕ್ಷೆಯೆಂದು ಹೇಳುತ್ತಾರೆ. ಚರ್ಮ-ಎಲುಬುಗಳನ್ನು ಕುದಿಸಿ ತೆಗೆದ ಅಂಟಿನಿಂದ ಹಿಂದಿನ ಬಡಗಿಗಳು ಮರವನ್ನು ಕೂಡಿಸುತ್ತಿದ್ದರು. ಅದು ಮಾತ್ರ ಬಹುಮಟ್ಟಿಗೆ ಮಾಯವಾಗಿದೆ, ಆದರೆ ಅದರ ಕೀರ್ತಿ ಧರ್ಮಕ್ಕೆ ಸಲ್ಲದು, ರಾಸಾಯನಿಕ ಅಂಟಿನ ಅಗ್ಗದ ಬೆಲೆಗೆ ಸಲ್ಲುತ್ತದೆ.

ಈ ಪಟ್ಟಿ ದಿಗಂಬರರದಲ್ಲ ಎಂದು ಜಾರಿಕೊಳ್ಳುವವರಿದ್ದಾರೆ. 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ಹದಿನೈದನ್ನು ಖರಕರ್ಮಗಳೆಂದು ಪ್ರಸ್ತಾಪಿಸಿ, ಲೋಕದಲ್ಲಿ ಸಾವದ್ಯ ಕರ್ಮಗಳು ಅಸಂಖ್ಯವಾದುದರಿಂದ ಎಣಿಕೆ ಸಾಲದೆಂದು ಆಕ್ಷೇಪಿಸಿದ್ದಾರೆ. ಅಂದರೆ ಅವರ ದೃಷ್ಟಿ ಇನ್ನಷ್ಟು ಕಠಿಣ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವಂತೂ ಕರ್ನಾಟಕದ ಮನೆಮನೆಗಳಲ್ಲಿ ಪಾರಾಯಣವಾಗುವ ಗ್ರಂಥ. ಅದು ಹೇಳುವ ಐದು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯೂ ಒಂದು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡಮರ ಕಡಿಯುವುದು ಅದರೊಳಗೆ ಬರುತ್ತವೆ. ಇಲ್ಲಿಯೇ ಉದ್ಯೋಗೀ ಹಿಂಸೆಯ ಗುರಾಣಿ ತೂತು ಬೀಳುತ್ತದೆ. ಮನೆಗೆ ಬೇಕಾದ ಮಂಚಕ್ಕೆ ಮರ ಕಡಿದರೆ ಅದಕ್ಕೊಂದು ಪ್ರಯೋಜನವಿದೆ. ಗಟ್ಟಿಯಾಗಿಯೇ ಇರುವ ಮಂಚವನ್ನು ಎಸೆದು, ಬಣ್ಣ ಹೊಂದಲೆಂದು ಎರಡನೆಯ ಮಂಚಕ್ಕೆ ಕಡಿದ ಮರ ಯಾವ ಪ್ರಯೋಜನದ ಲೆಕ್ಕಕ್ಕೆ ಬರುತ್ತದೆ? ಅರಣ್ಯ ಇಲಾಖೆಗಳ ಹಳೆಯ ರೂಢಿಯಲ್ಲಿ ತೋಪಿನ ತೇಗವನ್ನು ಕಡಿಯಲು 50ರಿಂದ 80 ವರ್ಷ ಕಾಯುತ್ತಿದ್ದರು. ಅಷ್ಟು ವರ್ಷ ನಿಂತ ಏಕೇಂದ್ರಿಯ ಜೀವದ ದೇಹವನ್ನು ಎಂಟು ವರ್ಷಕ್ಕೆ ಗುಜರಿಗೆ ಹಾಕುವವನ ಪಾಪ ಗರಗಸದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಆತುರದಲ್ಲಿದೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನೇ ಮೊದಲಿಟ್ಟಿರುವುದು ಸುಮ್ಮನೆ ಅಲ್ಲ.

ಹಾಗಾದರೆ ಈ ವ್ಯಾಪಾರವನ್ನು ಬೇರೊಂದು ರೀತಿಯಲ್ಲಿ ನಡೆಸಿ ಕುಟುಂಬ ಸಾಕಲು ಸಾಧ್ಯವೇ ಎಂಬುದು ವ್ಯವಹಾರಸ್ಥರ ಪ್ರಶ್ನೆ. ಸಾಧ್ಯವೆಂಬುದಕ್ಕೆ ಒಂದು ಕುಟುಂಬದ ಚರಿತ್ರೆಯಿದೆ. ಆ ಕುಟುಂಬ ಜೈನರದಲ್ಲ, ಭಾರತೀಯರದೂ ಅಲ್ಲ. ಆದರೆ ಅದರ ದಾರಿ ಎರಡು ಸಲ ಭಾರತದ ಮೂಲಕ ಹಾದುಹೋಗಿದೆ.

ಜಾರ್ಜ್ ನಕಾಶಿಮಾ ಅಮೆರಿಕದ ಸ್ಪೋಕೇನ್ ಪಟ್ಟಣದಲ್ಲಿ 1905ರಲ್ಲಿ ಜಪಾನೀ ತಂದೆತಾಯಿಗಳಿಗೆ ಹುಟ್ಟಿದವರು. ವಾಸ್ತುಶಿಲ್ಪ ಕಲಿತು, ಟೋಕಿಯೋದಲ್ಲಿ ಆಂಟೊನಿನ್ ರೇಮಂಡ್ ಎಂಬ ವಾಸ್ತುಶಿಲ್ಪಿಯ ಕಚೇರಿ ಸೇರಿದರು. ಪುದುಚೇರಿಯ ಅರವಿಂದಾಶ್ರಮಕ್ಕೆ ‘ಗೋಲ್ಕೊಂಡ’ ಎಂಬ ವಸತಿಗೃಹವನ್ನು ಕಟ್ಟುವ ಕೆಲಸ ಆ ಕಚೇರಿಗೆ ಬಂದಾಗ, ಸ್ಥಳದಲ್ಲಿದ್ದು ನಡೆಸಲು 1930ರ ದಶಕದ ಉತ್ತರಾರ್ಧದಲ್ಲಿ ಬಂದವರು ನಕಾಶಿಮಾ. ಕಾಂಕ್ರೀಟಿನ ಆ ಕಟ್ಟಡದ ಕೋಣೆಗಳಿಗೆ ಗಾಳಿಯಾಡುವಂಥ ತೇಗದ ಪಟ್ಟಿಗಳ ಸರಿಯುವ ಬಾಗಿಲುಗಳಿವೆ. ಅವರು ಆಶ್ರಮದ ಶಿಷ್ಯರಾದರು, ಸಂಬಳ ಬೇಡವೆಂದರು; ಅರವಿಂದರು ಅವರಿಗೆ ಸುಂದರಾನಂದ ಎಂಬ ಹೆಸರಿಟ್ಟರು.

ಯುದ್ಧ ಬಂದಿತು. 1942ರಲ್ಲಿ ಅಮೆರಿಕ ಸರಕಾರವು ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನು, ಅವರು ಅಲ್ಲಿಯೇ ಹುಟ್ಟಿದ ಪ್ರಜೆಗಳಾಗಿದ್ದರೂ, ಮನೆಮಠ ಬಿಡಿಸಿ ಶಿಬಿರಗಳಿಗೆ ತಳ್ಳಿತು. ನಕಾಶಿಮಾ, ಪತ್ನಿ, ಹಸುಗೂಸು ಮೀರಾ ಐಡಾಹೋದ ಮಿನಿಡೋಕ ಶಿಬಿರದಲ್ಲಿ ಸೆರೆಯಾದರು. ಜಪಾನೀ ಮರಗೆಲಸದ ಪದ್ಧತಿಯಲ್ಲಿ ಪಳಗಿದ ಬಡಗಿಯೊಬ್ಬರು ಅಲ್ಲಿದ್ದರು. ಬಿಸಾಡಿದ ಹಲಗೆ ಚೂರುಗಳು, ಮರುಭೂಮಿಯ ಕುರುಚಲು ಗಿಡಗಳ ಕಾಂಡಗಳು, ಇವೇ ಇಬ್ಬರ ಸಾಮಗ್ರಿ. ವಿಶ್ವವಿದ್ಯಾಲಯದ ಪದವೀಧರನು ಅಕ್ಷರ ಬಾರದ ಮಗುವಿನಂತೆ ಆ ಬಡಗಿಯ ಪಕ್ಕ ಕುಳಿತು ಕೈಕೆಲಸ ಕಲಿತನು. ಒಳಾಂಗಣ ವಿನ್ಯಾಸದ ಪದವಿ ಪಡೆದು ಬಂದ ದಿನವೇ ಬಡಗಿಯನ್ನು ಏಕವಚನದಲ್ಲಿ ಕರೆಯಲು ಆರಂಭಿಸುವ ತರುಣರಿಗೆ ಈ ದೃಶ್ಯವೊಂದೇ ಸಾಕು.

1943ರಲ್ಲಿ ರೇಮಂಡರ ನೆರವಿನಿಂದ ಬಿಡುಗಡೆಯಾಗಿ ಪೆನ್ಸಿಲ್ವೇನಿಯಾದ ನ್ಯೂ ಹೋಪ್ ಊರಿಗೆ ಬಂದರು. ಅಲ್ಲಿ ರೇಮಂಡರ ತೋಟದಲ್ಲಿ ಕೋಳಿ ನೋಡಿಕೊಳ್ಳುವ ಕೆಲಸವನ್ನೂ ಮಾಡಿದರು; ಅವರನ್ನು ಶ್ರಾವಕರೆಂದು ಬಿಂಬಿಸುವ ಉದ್ದೇಶ ಇಲ್ಲಿಲ್ಲ. ಕೈಕೆಲಸ ಮಾಡಿಕೊಟ್ಟು ಅದಕ್ಕೆ ಪ್ರತಿಯಾಗಿ ಮೂರು ಎಕರೆ ಜಾಗ ಪಡೆದು, ಮೊದಲು ಕಾರ್ಯಾಗಾರ, ಆಮೇಲೆ ಮನೆ ಕಟ್ಟಿದರು. ಆ ಕಾರ್ಯಾಗಾರವೇ ಕುಟುಂಬದ ವ್ಯಾಪಾರವಾಯಿತು.

ಅವರ ವ್ಯಾಪಾರದ ಕ್ರಮವನ್ನು ಗಮನವಿಟ್ಟು ನೋಡಬೇಕು. ಸಾಮಾನ್ಯ ವಿನ್ಯಾಸಕಾರನು ಕಾಗದದ ಮೇಲೆ ಮೇಜು ಬರೆದು, ಆ ಅಳತೆಗೆ ಮರ ಹುಡುಕುತ್ತಾನೆ. ಅಳತೆಗೆ ಬಾರದ ಭಾಗ, ಗಂಟು, ಬಿರುಕು, ಅಂಚಿನ ಓರೆ ಎಲ್ಲವೂ ಸೌದೆ. ನಕಾಶಿಮಾ ಇಡೀ ದಿಮ್ಮಿಯನ್ನು ಕೊಂಡು, ಗರಗಸದ ಮಿಲ್ಲಿನಲ್ಲಿ ತಾವೇ ನಿಂತು, ಯಾವ ಕೋನದಲ್ಲಿ ಸೀಳಬೇಕೆಂದು ಹೇಳಿ ಸೀಳಿಸುತ್ತಿದ್ದರು. ಒಂದು ದಿಮ್ಮಿಯ ಹಲಗೆಗಳನ್ನು ಚದುರಿಸದೆ, ಸೀಳಿದ ಕ್ರಮದಲ್ಲೇ ಒಂದರ ಮೇಲೊಂದು ಪೇರಿಸಿ, ನಡುವೆ ಗಾಳಿಯಾಡಲು ಪಟ್ಟಿಯಿಟ್ಟು ವರ್ಷಗಟ್ಟಲೆ ಒಣಗಿಸುತ್ತಿದ್ದರು. ಬಂದ ಗಿರಾಕಿ ಹಲಗೆಯನ್ನು ನೋಡಬೇಕು. ಅವನ ಮನೆಗೆ ಯಾವುದು ಸರಿಯೆಂದು ಒಪ್ಪಂದವಾದ ಮೇಲೆ ಆ ಹಲಗೆಯ ಮೇಲೆ ಅವನ ಹೆಸರು ಬರೆಯುತ್ತಿದ್ದರು. ಬಿರುಕು ಬಿಟ್ಟ ಹಲಗೆಯನ್ನು ಎಸೆಯುತ್ತಿರಲಿಲ್ಲ. ಬಿರುಕು ಮುಂದುವರಿಯದಂತೆ ಅದಕ್ಕಡ್ಡಲಾಗಿ ಚಿಟ್ಟೆಯಾಕಾರದ ಬೆಣೆಯನ್ನು ಕೂರಿಸುತ್ತಿದ್ದರು. ಇತರರು ಸೌದೆಯೆಂದದ್ದು ಹೀಗೆ ಅವರ ಮನೆತನದ ಗುರುತಾಯಿತು. 1981ರಲ್ಲಿ ಅವರು ಬರೆದ ಪುಸ್ತಕದ ಹೆಸರು ‘ದ ಸೋಲ್ ಆಫ್ ಎ ಟ್ರೀ’, ಅಂದರೆ ಮರದ ಆತ್ಮ. ಮರಕ್ಕೆ ಆತ್ಮವಿದೆಯೆಂದು ಸಾವಿರಾರು ವರ್ಷಗಳಿಂದ ಹೇಳುತ್ತ ಬಂದವರ ಅಂಗಡಿಗಳಲ್ಲಿ ಮರವು ಘನ ಅಡಿಗಳ ಲೆಕ್ಕದಲ್ಲಷ್ಟೇ ಉಳಿದಿದೆ.

ಎರಡನೆಯ ಸಲ ಭಾರತದ ಸಂಬಂಧ ಕೂಡಿದ್ದು 1964ರಲ್ಲಿ. ಅಹಮದಾಬಾದಿನಲ್ಲಿ 1961ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಆಹ್ವಾನದಂತೆ ಅವರು ಬಂದು, ಅಲ್ಲಿಯ ಬಡಗಿಗಳಿಂದ ತಯಾರಾಗಬಹುದಾದ ಪೀಠೋಪಕರಣಗಳನ್ನು ರೂಪಿಸಿದರು. ಆ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು ಗೌತಮ್ ಸಾರಾಭಾಯಿ ಮತ್ತು ಗಿರಾ ಸಾರಾಭಾಯಿ, ಅಹಮದಾಬಾದಿನ ಹೆಸರಾಂತ ಜೈನ ಮನೆತನದವರು. ಜೈನ ಮನೆತನವೊಂದು ಗುರುತಿಸಿ ಕರೆತಂದ ಈ ಕ್ರಮ ಜೈನ ಪೀಠೋಪಕರಣ ವರ್ತಕರ ಗಮನಕ್ಕೆ ಬರಲೇ ಇಲ್ಲವೆಂಬುದು ವಿಷಾದದ ಸಂಗತಿ.

ನಕಾಶಿಮಾ 1990ರಲ್ಲಿ ತೀರಿಕೊಂಡರು. ಕುಟುಂಬದ ವ್ಯಾಪಾರಗಳು ಮುರಿಯುವುದು ಇಂಥ ಗಳಿಗೆಯಲ್ಲೇ. ಮಗಳು ಮೀರಾ ಹಾರ್ವರ್ಡಿನಲ್ಲೂ ಟೋಕಿಯೋದ ವಾಸೆದಾ ವಿಶ್ವವಿದ್ಯಾಲಯದಲ್ಲೂ ಓದಿದವರು, 1970ರಿಂದ ತಂದೆಯ ಬಳಿ ದುಡಿದವರು. ಆದರೂ ತಂದೆ ಹೋದ ಮೇಲೆ ಮಗಳ ಕೈಯ ಕೆಲಸ ತಮಗೆ ಬೇಡವೆಂದು ಹಲವು ಗಿರಾಕಿಗಳು ಬೇಡಿಕೆ ಹಿಂತೆಗೆದುಕೊಂಡರು. ಆಗ ಅವರ ಮುಂದೆ ಸುಲಭದ ದಾರಿಗಳಿದ್ದವು: ತಂದೆಯ ಹೆಸರನ್ನು ಯಾವುದಾದರೂ ದೊಡ್ಡ ಕಾರ್ಖಾನೆಗೆ ಮಾರಬಹುದಿತ್ತು, ಇಲ್ಲವೇ ಪೇರಿಸಿಟ್ಟ ಹಲಗೆಗಳನ್ನು ಮಾರಿ ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಪ್ರಿನ್ಸ್‌ಟನ್ನಿನ ಒಂದು ಮನೆಯಲ್ಲಿ 1989ರಲ್ಲಿ ಬೆಂಕಿ ಬಿದ್ದು ನೂರಕ್ಕೂ ಮಿಕ್ಕಿದ ನಕಾಶಿಮಾ ಪೀಠೋಪಕರಣಗಳು ಸುಟ್ಟುಹೋಗಿದ್ದವು. ಅವನ್ನು ಮತ್ತೆ ಮಾಡಿಕೊಡುವುದಾಗಿ ತಂದೆ ಒಪ್ಪಿದ್ದರು. ಆ ಮಾತನ್ನು ಮಗಳು ನಡೆಸಿಕೊಟ್ಟರು. ತಂದೆಯ ಕ್ರಮದಲ್ಲಿಯೇ ತಮ್ಮದೊಂದು ವಿನ್ಯಾಸ ಶ್ರೇಣಿಯನ್ನು ಬೆಳೆಸಿ ಅದಕ್ಕೆ ‘ಕೇಶೋ’, ಮುಂದುವರಿಕೆ, ಎಂದು ಹೆಸರಿಟ್ಟರು. ಕಾರ್ಯಾಗಾರವಿರುವ ಆವರಣವನ್ನು 2014ರಲ್ಲಿ ಅಮೆರಿಕ ಸರಕಾರವು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿಸಿತು.

ಈ ಚರಿತ್ರೆಯನ್ನು ಕೇಳಿದ ವ್ಯವಹಾರಸ್ಥರು ಆಡುವ ಮೊದಲ ಮಾತು, ಅವರು ಮಾರಿದ್ದು ಶ್ರೀಮಂತರಿಗೆ ಎಂಬುದು. ಆಕ್ಷೇಪಣೆಯಲ್ಲಿ ಹುರುಳಿದೆ. 1973ರಲ್ಲಿ ನೆಲ್ಸನ್ ರಾಕ್‌ಫೆಲರ್ ಒಬ್ಬರ ಮನೆಗೇ ಇನ್ನೂರು ಪೀಠೋಪಕರಣಗಳನ್ನು ನಕಾಶಿಮಾ ಮಾಡಿಕೊಟ್ಟರು. ಒಬ್ಬ ಗೃಹಸ್ಥನಿಗೆ ಇನ್ನೂರು! ಪರಿಗ್ರಹ ಪರಿಮಾಣ ವ್ರತವನ್ನು ಹಾಸ್ಯ ಮಾಡುವ ಸಂಖ್ಯೆಯಿದು. ಅವರು ಮಾಡಿದ ಮೇಜುಗಳು ಈಗ ಹರಾಜುಕಟ್ಟೆಗಳಲ್ಲಿ ಊಟಕ್ಕೆ ಒದಗದಷ್ಟು ದುಬಾರಿಯಾಗಿವೆ. ಬೆಣೆಗಳಿಗೆ ಬಳಸಿದ ಬೀಟೆಮರದ ಕುಲಕ್ಕೆ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಪರವಾನಗಿಯ ನಿರ್ಬಂಧ ಬಂದಿದೆ. ಇವೆಲ್ಲವನ್ನೂ ಒಪ್ಪಬೇಕು. ಆದರೆ ದಿಮ್ಮಿಯನ್ನು ಪೂರ್ತಿ ಬಳಸುವುದಕ್ಕೆ, ಚೆನ್ನಾಗಿ ಒಣಗಿಸುವುದಕ್ಕೆ, ಬಿರುಕು ಬಿಟ್ಟುದನ್ನು ಬೆಣೆಯಿಟ್ಟು ಉಳಿಸುವುದಕ್ಕೆ ಗಿರಾಕಿ ರಾಕ್‌ಫೆಲರನೇ ಆಗಬೇಕೆಂದಿಲ್ಲ. ಹಲಸಿನ ಮರದ ಮಣೆಯನ್ನು ಮಾಡಿದ ಹಳ್ಳಿಯ ಬಡಗಿಯೂ ಇದನ್ನೇ ಮಾಡುತ್ತಿದ್ದನು. ಮಧ್ಯಮವರ್ಗದ ಗೃಹಸ್ಥನಿಗೆ ನಿಜವಾಗಿ ದುಬಾರಿಯಾಗಿರುವುದು ಹತ್ತು ವರ್ಷಕ್ಕೊಮ್ಮೆ ಕೊಳ್ಳಬೇಕಾದ ಕಪಾಟು.

ಪ್ಲೈವುಡ್ಡು, ಮರದ ಹುಡಿಯನ್ನು ಒತ್ತಿ ಮಾಡಿದ ಹಲಗೆ ಇವುಗಳಿಂದ ಕಾಡು ಉಳಿಯಿತಲ್ಲವೇ ಎಂಬುದು ಮತ್ತೊಂದು ಸಮರ್ಥನೆ. ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಅರಣ್ಯದ ಮರ ಕಡಿತಕ್ಕೆ ಕಟ್ಟುನಿಟ್ಟಿನ ತಡೆ ಹಾಕಿದ ಮೇಲೆ ಇಂಥ ಹಲಗೆಗಳೂ ಹೊರದೇಶದ ದಿಮ್ಮಿಗಳೂ ಮಾರುಕಟ್ಟೆಯನ್ನು ತುಂಬಿದವು. ತೋಪಿನ ನೀಲಗಿರಿಯಿಂದ ಕಾಡಿನ ಮೇಲಿನ ಹೊರೆ ಸ್ವಲ್ಪ ಇಳಿದಿರಬಹುದು. ಆದರೆ ಹೊರದೇಶದ ದಿಮ್ಮಿ ಯಾರ ಕಾಡಿನದು, ಯಾವ ಕಾಗದದ ಮೇಲೆ ಬಂದಿತು ಎಂದು ಕೇಳುವ ವರ್ತಕರು ಎಷ್ಟು ಮಂದಿ? ಕದ್ದು ತಂದ ವಸ್ತುವನ್ನು ಕೊಳ್ಳುವುದು ಅಚೌರ್ಯಾಣುವ್ರತದ ಅತಿಚಾರವೆಂದು ತತ್ತ್ವಾರ್ಥಸೂತ್ರ ಹೆಸರಿಟ್ಟೇ ಹೇಳಿದೆ. ರಹದಾರಿಯಿಲ್ಲದ ನಾಟಾಕ್ಕೆ ಅದು ಅನ್ವಯಿಸುವುದಿಲ್ಲವೆನ್ನಲು ಯಾವ ಪಂಡಿತನಿಂದಲೂ ಆಗದು.

ಏಕೇಂದ್ರಿಯ ಜೀವದ ಚರ್ಚೆಯಲ್ಲಿ ಪಂಚೇಂದ್ರಿಯ ಜೀವವೊಂದು ಮರೆತೇಹೋಗುತ್ತದೆ, ಬಡಗಿಯದು. ಮರದ ಹುಡಿಯು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಪ್ರಕಟಿಸಿತು. ಒತ್ತುಹಲಗೆಗಳ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡನ್ನು 2004ರಲ್ಲಿ ಅದೇ ಸಾಲಿಗೆ ಸೇರಿಸಿತು. ಬೆಂಗಳೂರಿನ ಹೊಸ ಮನೆಗಳ ಒಳಾಂಗಣ ಕೆಲಸಕ್ಕೆ ರಾಜಸ್ಥಾನ, ಉತ್ತರ ಪ್ರದೇಶಗಳಿಂದ ಬಂದ ತರುಣರು ಕಿಟಕಿ ಮುಚ್ಚಿದ ಕೋಣೆಯಲ್ಲಿ ದಿನವಿಡೀ ಯಂತ್ರದ ಗರಗಸ ಓಡಿಸಿ, ರಾತ್ರಿ ಅದೇ ಹುಡಿಯ ಮೇಲೆ ಚಾಪೆ ಹಾಸಿ ಮಲಗುತ್ತಾರೆ. ಮುಖಕ್ಕೆ ಕಟ್ಟಿದ ಕರವಸ್ತ್ರವೇ ಅವರ ರಕ್ಷಣೆ. ವಾಯುಕಾಯದ ಜೀವಗಳ ರಕ್ಷಣೆಗೆ ಮುಖವಸ್ತ್ರಿಕೆ ಧರಿಸುವ ಸಾಧುಗಳಿಗೆ ಕೈಮುಗಿಯುವ ಸಮಾಜವು ತನ್ನ ಗುತ್ತಿಗೆಯ ಬಡಗಿಗೆ ಒಂದು ಸರಿಯಾದ ಮುಖಕವಚ ಕೊಡಿಸದೆ ಇರುವುದನ್ನು ಯಾವ ಹಿಂಸೆಯ ಕೆಳಗೆ ಸೇರಿಸಬೇಕು? ಉದ್ಯೋಗೀ ಎನ್ನುವಂತಿಲ್ಲ. ಕವಚ ಕೊಟ್ಟರೆ ಉದ್ಯೋಗ ನಿಲ್ಲುವುದಿಲ್ಲ.

ಇನ್ನು ಟ್ರಸ್ಟುಗಳ ವಿಷಯ. ಒಂದು ಕುಟುಂಬ ಮಾಡಿದ ತಪ್ಪು ಆ ಕುಟುಂಬದ್ದು. ಬಸದಿಯ ಟ್ರಸ್ಟು ಮಾಡಿದ್ದು ಮಾದರಿಯಾಗುತ್ತದೆ. ಮೂಡುಬಿದಿರೆಯಲ್ಲಿ 1430ರಲ್ಲಿ ಆರಂಭವಾದ ಸಾವಿರ ಕಂಬದ ಬಸದಿಯ ಮೇಲಿನ ಅಂತಸ್ತುಗಳಲ್ಲಿ ಮರದ ಕೆಲಸವಿದೆ. ಅದೇ ಊರಿನಲ್ಲಿ ಜೈನ ಅರಸರಾದ ಚೌಟರ ಅರಮನೆಯ ಮರದ ಕಂಬಗಳ ಮೇಲೆ ನವನಾರೀಕುಂಜರ, ಪಂಚನಾರೀತುರಗಗಳ ಕೆತ್ತನೆ ತುಳುನಾಡಿನ ಅಷ್ಟೂ ಮಳೆಗಾಲಗಳನ್ನು ದಾಟಿ ಉಳಿದಿದೆ. ಮರವನ್ನು ಗೌರವಿಸಿದರೆ ಅದು ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಪೆನ್ಸಿಲ್ವೇನಿಯಾದ ಸಾಕ್ಷಿ ಬೇಕಾಗಿಲ್ಲ. ಆದರೆ ಜೀರ್ಣೋದ್ಧಾರವೆಂಬ ಪವಿತ್ರ ಹೆಸರಿನಲ್ಲಿ ಏನು ನಡೆಯುತ್ತಿದೆ? ಗೆದ್ದಲು ಹಿಡಿದ ಒಂದು ಅಡಿಯ ಸಲುವಾಗಿ ಹಲಸಿನ ಮರದ ಇಡೀ ಬಾಗಿಲು, ದಾರಂದದ ಸಹಿತ, ಕಿತ್ತುಹೋಗುತ್ತದೆ. ಅದನ್ನು ಗುಜರಿಯವನು ಸೌದೆಯ ಬೆಲೆಗೆ ಒಯ್ಯುತ್ತಾನೆ; ಕೆಲವು ಕಾಲದ ಮೇಲೆ ಅದೇ ಬಾಗಿಲು ಯಾವುದೋ ವಿಹಾರಧಾಮದ ಊಟದ ಮನೆಯಲ್ಲಿ, ಗಾಜು ಹೊದಿಸಿಕೊಂಡು, ಮದ್ಯದ ಬಟ್ಟಲುಗಳನ್ನು ಹೊರುವ ಮೇಜಾಗುತ್ತದೆ. ಬಸದಿಗೆ ಹೊಸ ತೇಗದ ಬಾಗಿಲು ಬರುತ್ತದೆ. ಪೂರ್ತಿ ಒಣಗದ ಮರವಾದುದರಿಂದ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಡೊಂಕಾಗುತ್ತದೆ, ಡೊಂಕು ಕಾಣದಿರಲೆಂದು ಅದಕ್ಕೆ ಬೆಳ್ಳಿಯ ತಗಡು ಹೊದಿಸುತ್ತಾರೆ, ತಗಡಿನ ಮೇಲೆ ದಾನಿಯ ಹೆಸರು ಬರುತ್ತದೆ.

ಗೆದ್ದಲು ತಿಂದ ಅಡಿಯನ್ನು ಮಾತ್ರ ಕತ್ತರಿಸಿ ಅಷ್ಟೇ ಗಾತ್ರದ ಹಳೆಯ ಮರವನ್ನು ಕೂಡಿಸಬಲ್ಲ ಬಡಗಿಗಳು ಕರಾವಳಿಯಲ್ಲೂ ಮಲೆನಾಡಿನಲ್ಲೂ ಇನ್ನೂ ಇದ್ದಾರೆ. ಅವರಿಗೆ ಕೊಡುವ ಮಜೂರಿ ಹೊಸ ಬಾಗಿಲಿನ ಬೆಲೆಗಿಂತ ಹೆಚ್ಚಾದರೂ ಆಗಬಹುದು. ದಾನಿಯ ಹೆಸರು ಬರೆಸಲು ಜಾಗ ಸಿಗದು ಎಂಬುದು ನಿಜವಾದ ಅಡ್ಡಿ. ಸಮಾಜದ ವಿನ್ಯಾಸಕಾರರೂ ಪೀಠೋಪಕರಣ ವರ್ತಕರೂ ಅನೇಕ ಟ್ರಸ್ಟುಗಳಲ್ಲಿ ಸದಸ್ಯರಾಗಿಯೇ ಇದ್ದಾರೆ. ಸಭೆಯಲ್ಲಿ ಎದ್ದು ನಿಂತು ‘ಈ ಬಾಗಿಲು ದುರಸ್ತಿಯಾಗುತ್ತದೆ’ ಎಂದು ಹೇಳಬಲ್ಲವರು ಅವರೇ. ಹೊಸ ಬಾಗಿಲಿನ ಗುತ್ತಿಗೆಯೂ ಬಹುತೇಕ ಅವರ ಕೈಗೇ ಬರುವುದರಿಂದ ಆ ಮಾತು ಅವರ ಬಾಯಿಂದ ಹೊರಡುವುದು ಕಷ್ಟವಾಗಿದೆ.

ಮುಂದಿನ ಚಾತುರ್ಮಾಸದ ಹೊತ್ತಿಗೆ ಎಷ್ಟೋ ಬಸದಿಗಳಲ್ಲಿ ಕೆಲಸ ಆರಂಭವಾಗುವುದಿದೆ. ಕರೆಯುವ ಟೆಂಡರುಗಳಲ್ಲಿ ಬಾಗಿಲಿನ ಎತ್ತರ-ಅಗಲಗಳಿರುತ್ತವೆ, ಕೆತ್ತನೆಯ ನಮೂನೆಯಿರುತ್ತದೆ, ಪ್ರತಿಷ್ಠಾ ಮಹೋತ್ಸವಕ್ಕೆ ಮೊದಲು ಮುಗಿಸಬೇಕಾದ ತಾರೀಖು ದಪ್ಪ ಅಕ್ಷರಗಳಲ್ಲಿರುತ್ತದೆ. ಮರವು ಎಷ್ಟು ವರ್ಷ ಒಣಗಿದ್ದಿರಬೇಕು, ಅದರ ರಹದಾರಿ ಯಾರು ಪರಿಶೀಲಿಸಬೇಕು, ಕಿತ್ತ ಹಳೆಯ ಬಾಗಿಲು ಎಲ್ಲಿಗೆ ಹೋಗಬೇಕು ಎಂಬ ಮೂರು ಸಾಲುಗಳನ್ನು ಸೇರಿಸಲು ಆ ಕಾಗದದಲ್ಲಿ ಬೇಕಾದಷ್ಟು ಜಾಗವಿದೆ.